ಟೈಪ್ 2 ಅಂದರೆ ಏನು? ಕತ್ತಿನ ಮೇಲ್ತುದಿಯ ಮುರಿತಗಳನ್ನು ವಿಂಗಡಿಸಿದ ಕಥೆ

ಸ್ಕ್ಯಾನ್ ರಿಪೋರ್ಟಿನಲ್ಲಿ 'ಒಡಾಂಟಾಯ್ಡ್ ಫ್ರ್ಯಾಕ್ಚರ್, ಟೈಪ್ 2' ಅಂತ ಒಂದು ಸಾಲು ಇರುತ್ತದೆ. ಮನೆಯವರಿಗೆ ಬೇಕಾದದ್ದು ಒಂದೇ ಉತ್ತರ: ಕಾಲರ್ ಸಾಕಾ, ಆಪರೇಷನ್ ಬೇಕಾ? ಆ '2' ಅನ್ನುವ ಅಂಕೆಯಲ್ಲಿ ಅರ್ಧ ಉತ್ತರ ಇದೆ. ಉಳಿದರ್ಧ ಹುಡುಕಲು ಸರ್ಜನ್‌ಗಳಿಗೆ ಬಹಳ ಕಾಲ ಹಿಡಿಯಿತು.

ಮೊದಲು ಆ ಜಾಗ ನೋಡೋಣ. ಕತ್ತಿನ ಏಳು ಮೂಳೆಗಳಲ್ಲಿ ಮೇಲಿನ ಎರಡರ ರೀತಿಯೇ ಬೇರೆ. ಮೊದಲನೆಯದು ಅಟ್ಲಾಸ್, ಬಳೆಯ ಹಾಗಿದೆ, ತಲೆ ಕೂತಿರುವುದು ಅದರ ಮೇಲೆ. ಎರಡನೆಯದು ಆಕ್ಸಿಸ್. ಅದರಿಂದ ಗೂಟದಂಥ ಮೂಳೆಯೊಂದು ಮೇಲೆದ್ದು ಬಳೆಯೊಳಗೆ ನಿಂತಿದೆ. ಅದೇ ಒಡಾಂಟಾಯ್ಡ್, ಅಂದರೆ ಹಲ್ಲಿನಂಥದ್ದು. ಗೂಟ ಹಿಂದಕ್ಕೆ ಜಾರದ ಹಾಗೆ ಒಂದು ಅಡ್ಡ ಲಿಗಮೆಂಟ್, ಅಂದರೆ ಮೂಳೆಗಳನ್ನು ಕಟ್ಟಿಹಾಕುವ ನಾರಿನ ಪಟ್ಟಿ, ಹಿಡಿದಿದೆ, ಅದರ ಬೆನ್ನಿಗೇ ಬೆನ್ನುಹುರಿ. ನೀವು 'ಊಹೂಂ' ಅಂತ ತಲೆ ಅಲ್ಲಾಡಿಸಿದಾಗ ಆ ತಿರುವಿನಲ್ಲಿ ಸುಮಾರು ಅರ್ಧ ಈ ಎರಡು ಮೂಳೆಗಳ ನಡುವೆಯೇ ಆಗುತ್ತದೆ.

1920ರಲ್ಲಿ ಇಂಗ್ಲೆಂಡಿನ ಸರ್ಜನ್ ಜೆಫ್ರಿ ಜೆಫರ್ಸನ್ ಅಟ್ಲಾಸ್ ಮುರಿತಗಳ ಬಗ್ಗೆ ಬರೆದರು. ತಲೆಯ ಮೇಲಿಂದ ನೇರ ಪೆಟ್ಟು ಬಿದ್ದರೆ ಬಳೆ ಒಡೆದು ತುಂಡುಗಳು ಹೊರಕ್ಕೆ ಸರಿಯುತ್ತವೆ. ಕೇಳಲು ಭಯವಾದರೂ, ಹೊರಕ್ಕೆ ಸರಿಯುವುದರಿಂದಲೇ ಒಳಗಿನ ಜಾಗ ದೊಡ್ಡದಾಗುತ್ತದೆ, ಹಾಗಾಗಿ ಎಷ್ಟೋ ಜನರ ಬೆನ್ನುಹುರಿಗೆ ಏನೂ ಆಗಿರುವುದಿಲ್ಲ. ಹಾಗಾದರೆ ಚಿಂತೆ ಯಾವುದರದ್ದು? ಆ ಅಡ್ಡ ಲಿಗಮೆಂಟಿನದ್ದು. ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣುವುದಿಲ್ಲ. 1970ರಲ್ಲಿ ಸ್ಪೆನ್ಸ್ ಮತ್ತು ಜೊತೆಗಾರರು ಒಂದು ಅಳತೆ ಕೊಟ್ಟರು: ಎರಡೂ ಬದಿಯಲ್ಲಿ ಅಟ್ಲಾಸ್ ಹೊರಚಾಚಿದ್ದನ್ನು ಕೂಡಿಸಿ 6.9 ಮಿಲಿಮೀಟರ್ ದಾಟಿದರೆ ಲಿಗಮೆಂಟ್ ಹರಿದಿದೆ ಅಂತ ತಿಳಿಯಿರಿ. ಎಕ್ಸ್‌ರೇ ಚಿತ್ರ ನಿಜಕ್ಕಿಂತ ದೊಡ್ಡದಾಗಿ ಬೀಳುತ್ತದಲ್ವಾ, ಅದನ್ನು ಲೆಕ್ಕಕ್ಕೆ ತಂದು ಆಮೇಲೆ ಅದನ್ನೇ 8.1 ಮಾಡಿದರು. ಎಂಆರ್‌ಐ ಬಂದ ಮೇಲೆ ಊಹೆ ಮಾಡುವ ಕಷ್ಟ ತಪ್ಪಿತು. 1996ರಲ್ಲಿ ಡಿಕ್‌ಮನ್ ತಂಡ ಲಿಗಮೆಂಟ್ ಗಾಯವನ್ನೇ ಎರಡಾಗಿ ಬೇರೆ ಮಾಡಿತು. ನಡುವೆಯೇ ಹರಿದಿದ್ದರೆ ಅದು ಕೂಡುವ ಆಸೆ ಬಿಡಬೇಕು, ಆಪರೇಷನ್ ಕಡೆಗೆ ಯೋಚಿಸಬೇಕು. ಮೂಳೆಯ ಚೂರಿನ ಸಮೇತ ಕಿತ್ತುಬಂದಿದ್ದರೆ ತಲೆ ಅಲುಗದಂತೆ ಹಿಡಿದಿಟ್ಟರೆ ಎಷ್ಟೋ ಸಲ ಕೂಡಿಕೊಳ್ಳುತ್ತದೆ.

'ಹ್ಯಾಂಗ್‌ಮನ್ಸ್ ಫ್ರ್ಯಾಕ್ಚರ್', ಅಂದರೆ ನೇಣು ಹಾಕುವವನ ಮುರಿತ, ಅದರ ಕಥೆ ಇನ್ನೂ ವಿಚಿತ್ರ. 1913ರಲ್ಲಿ ವುಡ್ ಜೋನ್ಸ್ ಗಲ್ಲಿಗೇರಿದವರ ಆಕ್ಸಿಸ್ ಹೇಗೆ ಮುರಿಯುತ್ತದೆ ಅಂತ ವಿವರಿಸಿದ್ದರು. 1965ರಲ್ಲಿ ಷ್ನೈಡರ್, ಕಾರು ಅಪಘಾತದವರಲ್ಲಿ ಅಂಥದ್ದೇ ಮುರಿತ ಕಂಡು ಈ ಹೆಸರಿಟ್ಟರು. ನನಗಂತೂ ಇದು ಕೆಟ್ಟ ಹೆಸರು ಅನ್ನಿಸುತ್ತದೆ. ನೇಣಿನಲ್ಲಿ ಕತ್ತು ಹಿಂದಕ್ಕೆ ಬಾಗಿ ಜಗ್ಗುತ್ತದೆ, ಕಾರಿನಲ್ಲಿ ಸಾಮಾನ್ಯವಾಗಿ ಹಿಂದಕ್ಕೆ ಬಾಗಿ ಒತ್ತುತ್ತದೆ. ಕಾರಿನವರಲ್ಲಿ ಹೆಚ್ಚಿನವರು ಕೈಕಾಲು ಸ್ವಾಧೀನದಲ್ಲೇ ಇದ್ದು ಬದುಕುತ್ತಾರೆ, ಆದರೆ ಹೆಸರು ಕೇಳಿಯೇ ಮನೆಯವರ ಜೀವ ಹೋಗುತ್ತದೆ.

ಹೆಸರು ಏನೇ ಇರಲಿ, ವಿಂಗಡಣೆಯಿಂದ ಏನು ಉಪಯೋಗ ಅನ್ನುವುದು ಸ್ಪಷ್ಟವಾಗಿ ಕಾಣುವುದು ಇಲ್ಲೇ. 1981ರಲ್ಲಿ ಎಫೆಂಡಿ ಮಾಡಿದ ಮೂರು ಗುಂಪುಗಳನ್ನು 1985ರಲ್ಲಿ ಲೆವಿನ್ ಮತ್ತು ಎಡ್ವರ್ಡ್ಸ್ ತಿದ್ದಿ 'ಟೈಪ್ 2ಎ' ಅನ್ನುವುದನ್ನು ಸೇರಿಸಿದರು. ಈ ಮುರಿತದ ಟೈಪ್ 2ರಲ್ಲಿ (ಶುರುವಿನ ಒಡಾಂಟಾಯ್ಡ್ ಟೈಪ್ 2 ಬೇರೆ) ಮೂಳೆ ಜಾರಿರುತ್ತದೆ, ಟ್ರ್ಯಾಕ್ಷನ್ ಹಾಕಿ ಎಳೆದರೆ ಸ್ವಸ್ಥಾನಕ್ಕೆ ಬರುತ್ತದೆ. 2ಎಯಲ್ಲಿ ಜಾರಿದ್ದು ಕಡಿಮೆ, ಬಾಗಿದ್ದು ಜಾಸ್ತಿ. ಅದಕ್ಕೂ ಅದೇ ಟ್ರ್ಯಾಕ್ಷನ್ ಹಾಕಿದರೆ ಮುರಿದ ಜಾಗ ಇನ್ನಷ್ಟು ಬಾಯಿ ಬಿಡುತ್ತದೆ! ಅದಕ್ಕೆ ಬೇಕಾದದ್ದು ಹಗುರವಾದ ಒತ್ತಡ. ಎಕ್ಸ್‌ರೇಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಂಡು, ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಅಪಾಯ ಅಂದಮೇಲೆ ಆ ಒಂದು 'ಎ' ಅಕ್ಷರದ ಬೆಲೆ ಗೊತ್ತಾಗುತ್ತದೆ.

ಈಗ ಶುರುವಿನ ಟೈಪ್ 2ಕ್ಕೆ ಬರೋಣ. 1974ರಲ್ಲಿ ಆಂಡರ್ಸನ್ ಮತ್ತು ಡಿ'ಅಲೊಂಜೊ ಗೂಟದ ಮುರಿತವನ್ನು ಜಾಗ ನೋಡಿ ಮೂರು ಮಾಡಿದರು: ತುದಿಯಲ್ಲಿ 1, ಬುಡದಲ್ಲಿ 2, ಆಕ್ಸಿಸ್‌ನ ಒಡಲಿಗೆ ಇಳಿದಿದ್ದರೆ 3. ಮೂರನೆಯದರಲ್ಲಿ ಮೂಳೆಗೆ ಮೂಳೆ ತಾಗುವ ಜಾಗ ಧಾರಾಳ, ಕೂಡುತ್ತದೆ. ಬುಡದಲ್ಲಿ ಆ ಜಾಗ ಕಿರಿದು, ಹಾಗಾಗಿ ಕೂಡದೇ ಉಳಿಯುವ ಕಾಟ ಟೈಪ್ 2ಕ್ಕೇ ಜಾಸ್ತಿ. ಆದರೆ ಎಲ್ಲ ಟೈಪ್ 2ಕ್ಕೂ ಒಂದೇ ಆಪರೇಷನ್ ಆಗುವುದಿಲ್ಲ. 2005ರಲ್ಲಿ ಗ್ರಾವರ್ ತಂಡ ಅದನ್ನು ಮತ್ತೆ ಎ, ಬಿ, ಸಿ ಮಾಡಿತು. ಜಾರದಿದ್ದರೆ ಎ. ಮುರಿದ ಗೆರೆ ಮುಂದೆ ಮೇಲಿದ್ದು ಹಿಂದಕ್ಕೆ ಇಳಿದಿದ್ದರೆ ಬಿ, ಮುಂದಿನಿಂದ ಸ್ಕ್ರೂ ಹಾಕಿದರೆ ತುಂಡುಗಳು ಒಂದಕ್ಕೊಂದು ಬಿಗಿಯುತ್ತವೆ. ಗೆರೆ ಉಲ್ಟಾ ಇದ್ದರೆ ಅಥವಾ ಮೂಳೆ ಪುಡಿಯಾಗಿದ್ದರೆ ಸಿ. ಅಲ್ಲಿ ಅದೇ ಸ್ಕ್ರೂ ತುಂಡನ್ನು ಜಾರಿಸಿಬಿಡುತ್ತದೆ, ಆದ್ದರಿಂದ ಹಿಂದಿನಿಂದ ಅಟ್ಲಾಸ್, ಆಕ್ಸಿಸ್ ಎರಡೂ ಮೂಳೆಗಳನ್ನು ಬೆಸೆಯಬೇಕು. ಹಾಗೆ ಬೆಸೆದರೆ ತಲೆ ತಿರುಗಿಸುವ ಶಕ್ತಿಯಲ್ಲಿ ದೊಡ್ಡ ಪಾಲು ಹೋಯಿತು ಅಂತಲೇ.

ಇಷ್ಟೆಲ್ಲ ಆದರೂ ಒಂದೊಂದು ಮೂಳೆಗೆ ಒಂದೊಂದು ಪಟ್ಟಿ, ಅದಕ್ಕೊಬ್ಬರ ಹೆಸರು. ಬೆನ್ನುಮೂಳೆ ಸರ್ಜನ್‌ಗಳ ಸಂಸ್ಥೆಯಾದ ಎಒ ಸ್ಪೈನ್‌ನ ಈಚಿನ ವಿಂಗಡಣೆ ತಲೆಬುರುಡೆಯ ಬುಡದಿಂದ ಆಕ್ಸಿಸ್‌ವರೆಗೆ ಎಲ್ಲಕ್ಕೂ ಒಂದೇ ಭಾಷೆ ತಂದಿತು: ಮೂಳೆ ಮಾತ್ರ ಮುರಿದಿದ್ದರೆ ಎ, ಲಿಗಮೆಂಟ್ ಹೋಗಿದ್ದರೆ ಬಿ, ಜಾಗ ಬಿಟ್ಟು ಜಾರಿದ್ದರೆ ಸಿ. ಜೊತೆಗೆ ನರಗಳ ಸ್ಥಿತಿಗೆ ಬೇರೆ ಗುರುತು. ನನಗೆ ಹಿಡಿಸಿದ್ದು ಕೊನೆಗೆ ಬರುವ ಎಂ ಗುರುತುಗಳು, ಅಂದರೆ ಚಿಕಿತ್ಸೆಯ ತೀರ್ಮಾನವನ್ನು ಬದಲಿಸಬಲ್ಲ ಹೆಚ್ಚುವರಿ ಟಿಪ್ಪಣಿಗಳು. ಅವುಗಳಲ್ಲಿ ಎಂ3 ಮುರಿತದ ಬಗ್ಗೆ ಏನೂ ಹೇಳುವುದಿಲ್ಲ, ಮುರಿದುಕೊಂಡವರ ಬಗ್ಗೆ ಹೇಳುತ್ತದೆ. ಇಪ್ಪತ್ತೈದರ ಯುವಕನಿಗೆ ತಲೆಬುರುಡೆಗೆ ಪಿನ್ ಚುಚ್ಚಿ ಹೇಲೋ (ತಲೆ ಅಲುಗದಂತೆ ಹಿಡಿಯುವ ಬಳೆ) ಹಾಕಬಹುದು. ಎಂಬತ್ತೈದರ ಅಜ್ಜಿಗೆ ಅದನ್ನೇ ಹಾಕಿದರೆ ನುಂಗಲು ಕಷ್ಟ, ನ್ಯುಮೋನಿಯಾ, ಮತ್ತೆ ಬೀಳುವ ಭಯ. ಅವರಿಗೆ ಬರೀ ಕಾಲರ್ ಹಾಕಿ, ಮೂಳೆ ಪೂರ್ತಿ ಕೂಡದೆ ನಡುವೆ ನಾರು ಬೆಳೆದು ಗಟ್ಟಿಯಾಗಿ ನಿಂತರೂ ಸಾಕು ಅಂತ ಒಪ್ಪಿಕೊಳ್ಳುವ ಸರ್ಜನ್‌ಗಳಿದ್ದಾರೆ. ಇಬ್ಬರ ರಿಪೋರ್ಟಿನಲ್ಲೂ ಇರುವುದು ಟೈಪ್ 2 ಅಂತಲೇ.