ನೆಟ್ ಬೇಕಂದ್ರೆ ಡ್ರೈವರ್, ಡ್ರೈವರ್ ಬೇಕಂದ್ರೆ ನೆಟ್

ಕಳೆದ ಮುಂಗಾರಿನ ಮೊದಲ ಗುಡುಗಿಗೇ ನಮ್ಮ ಬೀದಿಯ ಝೆರಾಕ್ಸ್ ಅಂಗಡಿಯ ಕಂಪ್ಯೂಟರ್ ಸುಟ್ಟುಹೋಯಿತು. ಸಿಡಿಲು ಕರೆಂಟ್ ಲೈನ್ ಹಿಡಿದು ಬಂದು ಮದರ್‌ಬೋರ್ಡನ್ನೇ ತಿಂದಿತ್ತು. ರಿಪೇರಿ ಹುಡುಗ ಹೊಸ ಬೋರ್ಡ್ ಕೂರಿಸಿದ. ತನ್ನ ಹಳೇ ಪೆನ್‌ಡ್ರೈವ್‌ನಿಂದ ವಿಂಡೋಸ್ 10 ಹಾಕಿ ಹೊರಟುಹೋದ. ಮರುದಿನ ಬೆಳಗ್ಗೆ ಅಂಗಡಿಯ ಅಕ್ಕ ಫೋನ್ ಮಾಡಿದರು. "ಎಲ್ಲಾ ಸರಿ ಇದೆ ಕಣಪ್ಪಾ, ನೆಟ್ ಒಂದು ಬರ್ತಿಲ್ಲ. ಪಹಣಿಗೆ ಜನ ಕಾಯ್ತಾ ಕೂತಿದ್ದಾರೆ, ಸ್ವಲ್ಪ ಬಂದು ನೋಡ್ತೀಯಾ?"

ಹೋಗಿ ನೋಡಿದೆ. ಕ್ಯಾಬಿನೆಟ್ ಹಿಂಭಾಗದಲ್ಲಿ ಕೇಬಲ್ ಚುಚ್ಚಿದ ಜಾಗದಲ್ಲಿ ಹಸಿರು ದೀಪ ಉರಿಯುತ್ತಿತ್ತು. ಅಂದರೆ ಕೇಬಲ್ ಸರಿ ಇದೆ, ರೂಟರ್ ಸರಿ ಇದೆ, ಚಿಪ್ಪಿಗೂ ಜೀವ ಇದೆ. ಆದರೆ ಕಂಪ್ಯೂಟರಿನ ಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದರೆ 'ಅದರ್ ಡಿವೈಸಸ್' ಕೆಳಗೆ 'ಈಥರ್ನೆಟ್ ಕಂಟ್ರೋಲರ್' ಎಂಬ ಒಂದು ಸಾಲು, ಅದರ ಪಕ್ಕ ಹಳದಿ ತ್ರಿಕೋನ. ಇಲ್ಲೇನೋ ಇದೆ ಅಂತ ವಿಂಡೋಸ್‌ಗೆ ಗೊತ್ತು. ಅದರ ಜೊತೆ ಮಾತಾಡುವುದು ಹೇಗೆ ಅಂತ ಗೊತ್ತಿಲ್ಲ. ಆ ಮಾತು ಕಲಿಸುವ ಪುಟ್ಟ ತಂತ್ರಾಂಶವೇ ಡ್ರೈವರ್. ಅದು ಇರುವುದು ಇಂಟರ್ನೆಟ್‌ನಲ್ಲಿ. ಇಂಟರ್ನೆಟ್‌ಗೆ ಹೋಗಲು ಅದೇ ಬೇಕು.

ಈ ಸುತ್ತು ಇವತ್ತು ಶುರುವಾದದ್ದಲ್ಲ. ನಾವು ನಕಲು ತೆಗೆಯುವ ಅಂಗಡಿಗೆ ಝೆರಾಕ್ಸ್ ಅಂಗಡಿ ಅನ್ನುತ್ತೇವಲ್ಲ, ಕಂಪ್ಯೂಟರುಗಳನ್ನು ಕೇಬಲ್‌ನಲ್ಲಿ ಜೋಡಿಸುವ ಈಥರ್ನೆಟ್ ಹುಟ್ಟಿದ್ದೂ ಅದೇ ಝೆರಾಕ್ಸ್ ಕಂಪನಿಯ ಮನೆಯಲ್ಲಿ. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿದ್ದ ಅದರ ಪ್ರಯೋಗಾಲಯದಲ್ಲಿ 1973ರಲ್ಲಿ ಬಾಬ್ ಮೆಟ್‌ಕಾಫ್ ಇದರ ಯೋಚನೆಯನ್ನು ಕಾಗದಕ್ಕಿಳಿಸಿದರು. ಡೇವಿಡ್ ಬಾಗ್ಸ್ ಜೊತೆಗೂಡಿ ಅದನ್ನು ಕಟ್ಟಿ ತೋರಿಸಿದರು. 1979ರಲ್ಲಿ ಮೆಟ್‌ಕಾಫ್ 3ಕಾಮ್ ಕಂಪನಿ ಶುರುಮಾಡಿದರು. 1982ರ ಹೊತ್ತಿಗೆ ಐಬಿಎಂ ಪಿಸಿಯೊಳಗೆ ಕೂರುವ ಈಥರ್ನೆಟ್ ಕಾರ್ಡ್ ಮಾರುಕಟ್ಟೆಗೆ ಬಂತು.

ಆಗಿನ ಕಾರ್ಡು ತಾನು ಯಾರು ಅಂತ ಹೇಳುತ್ತಿರಲಿಲ್ಲ. ಇದೊಂದು ವಿಷಯ ಮನಸ್ಸಿಗೆ ಬಂದರೆ ಮುಂದಿನ ಇತಿಹಾಸವೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಕಾರ್ಡಿನ ಮೇಲೆ ಸಾಲಾಗಿ ಪುಟ್ಟ ಪಿನ್ನುಗಳು. ಅವುಗಳಿಗೆ ತೊಡಿಸುವ ಪ್ಲಾಸ್ಟಿಕ್ ಟೋಪಿಯ ಹೆಸರು ಜಂಪರ್. ಯಾವ ಪಿನ್ನಿಗೆ ಟೋಪಿ ಹಾಕುತ್ತೀರಿ ಅನ್ನುವುದರ ಮೇಲೆ ಕಾರ್ಡಿನ ವಿಳಾಸ ಮತ್ತು ಐಆರ್‌ಕ್ಯೂ ನಂಬರ್ ನಿರ್ಧಾರವಾಗುತ್ತಿತ್ತು. ಐಆರ್‌ಕ್ಯೂ ಅಂದರೆ 'ನನಗೆ ಕೆಲಸ ಬಂದಿದೆ, ಇತ್ತ ನೋಡು' ಅಂತ ಕಾರ್ಡು ಪ್ರೊಸೆಸರನ್ನು ಕರೆಯುವ ತಂತಿ. ಅದೇ ಅಂಕಿಗಳನ್ನು ಡ್ರೈವರಿಗೂ ಕೈಯಾರೆ ಟೈಪ್ ಮಾಡಿ ತಿಳಿಸಬೇಕಿತ್ತು. ಸೌಂಡ್ ಕಾರ್ಡು ಐಆರ್‌ಕ್ಯೂ 5 ಹಿಡಿದಿದ್ದು, ನೆಟ್‌ವರ್ಕ್ ಕಾರ್ಡಿಗೂ 5 ಕೊಟ್ಟಿರೋ, ಎರಡೂ ಕೆಲಸ ಮಾಡಲು ತಕರಾರು ಮಾಡುತ್ತಿದ್ದವು. ಮತ್ತೆ ಕ್ಯಾಬಿನೆಟ್ ಬಿಚ್ಚಬೇಕು, ಟೋಪಿ ಬದಲಿಸಬೇಕು.

ಕಾರ್ಡೊಂದೇ ಸಮಸ್ಯೆ ಆಗಿರಲಿಲ್ಲ. ಒಂದೊಂದು ನೆಟ್‌ವರ್ಕ್ ತಂತ್ರಾಂಶಕ್ಕೂ ಅದೇ ಕಾರ್ಡಿನ ಬೇರೆ ಬೇರೆ ಡ್ರೈವರ್ ಬೇಕಾಗುತ್ತಿತ್ತು. 1980ರ ದಶಕದ ಕೊನೆಯಲ್ಲಿ ಇದಕ್ಕೊಂದು ಕಟ್ಟುಪಾಡು ಬಂತು: ಡ್ರೈವರ್ ಮತ್ತು ನೆಟ್‌ವರ್ಕ್ ತಂತ್ರಾಂಶ ಒಂದು ಗೊತ್ತಾದ ರೀತಿಯಲ್ಲೇ ಮಾತಾಡಬೇಕು. 3ಕಾಮ್ ಮತ್ತು ಮೈಕ್ರೋಸಾಫ್ಟ್ ಸೇರಿ ಎನ್‌ಡಿಐಎಸ್ ರೂಪಿಸಿದವು. ನೆಟ್‌ವರ್ಕ್ ತಂತ್ರಾಂಶದ ಕಂಪನಿ ನೊವೆಲ್ ಮತ್ತು ಆಪಲ್ ಸೇರಿ ಇಂಥದ್ದೇ ಒಡಿಐ ತಂದವು. ಎನ್‌ಡಿಐಎಸ್ ಇವತ್ತಿಗೂ ವಿಂಡೋಸ್ ಒಳಗೆ ಇದೆ. ಅಕ್ಕನ ಕಂಪ್ಯೂಟರಿಗೆ ಬೇಕಾಗಿದ್ದ ಡ್ರೈವರೂ ಅದೇ ಕಟ್ಟುಪಾಡಿಗೆ ಬರೆದದ್ದು.

ಅದೇ ಕಾಲದಲ್ಲಿ ನೊವೆಲ್ ಎನ್‌ಇ2000 ಎಂಬ ಅಗ್ಗದ ಕಾರ್ಡನ್ನು ಬಿಟ್ಟಿತು. ಒಳಗಿದ್ದದ್ದು ನ್ಯಾಷನಲ್ ಸೆಮಿಕಂಡಕ್ಟರ್‌ನ ಚಿಪ್. ಸರಳ ವಿನ್ಯಾಸ, ಹಾಗಾಗಿ ಊರೂರಲ್ಲಿ ನಕಲಾಯಿತು. ಪೆಟ್ಟಿಗೆಯ ಮೇಲೆ 'ಎನ್‌ಇ2000 ಕಂಪ್ಯಾಟಿಬಲ್' ಅಂತ ಬರೆದಿದ್ದರೆ ಸಾಕು, ತಯಾರಿಸಿದ್ದು ಯಾರು ಅಂತ ಕೇಳುವ ಅಗತ್ಯ ಇರಲಿಲ್ಲ. ಒಂದೇ ಡ್ರೈವರ್ ಎಲ್ಲಕ್ಕೂ ಹೆಚ್ಚುಕಡಿಮೆ ಆಗುತ್ತಿತ್ತು. ಆ ನೆಮ್ಮದಿ ಆಮೇಲೆ ಹಾಗೆ ಮತ್ತೆ ಸಿಗಲಿಲ್ಲ.

ದೊಡ್ಡ ತಿರುವು ಬಂದದ್ದು 1992ರಲ್ಲಿ, ಮದರ್‌ಬೋರ್ಡಿಗೆ ಕಾರ್ಡು ಜೋಡಿಸುವ ಪಿಸಿಐ ಎಂಬ ಹೊಸ ವ್ಯವಸ್ಥೆಯನ್ನು ಇಂಟೆಲ್ ತಂದಾಗ. ಪಿಸಿಐ ಸ್ಲಾಟಿಗೆ ಕೂರುವ ಪ್ರತಿ ಕಾರ್ಡಿನಲ್ಲೂ 256 ಬೈಟಿನ ಒಂದು ಪುಟ್ಟ ಗುರುತಿನ ಪಟ್ಟಿ ಇರಲೇಬೇಕು ಎಂದಾಯಿತು. ಮೊದಲ ಎರಡು ಬೈಟಿನಲ್ಲಿ ತಯಾರಕರ ನಂಬರ್, ಮುಂದಿನ ಎರಡರಲ್ಲಿ ಚಿಪ್ಪಿನ ನಂಬರ್. ಕಂಪ್ಯೂಟರ್ ಶುರುವಾಗುವಾಗ ಒಂದೊಂದೇ ಜಾಗಕ್ಕೆ ಹೋಗಿ 'ಯಾರಿದ್ದೀರಿ?' ಅಂತ ಕೇಳುತ್ತದೆ. ಉತ್ತರದ ಎಲ್ಲ ಬಿಟ್‌ಗಳೂ 1 ಆಗಿಯೇ ಬಂದರೆ ಅಲ್ಲಿ ಯಾರೂ ಇಲ್ಲ ಅಂತ ಅರ್ಥ. ಅಂಕಿ ಅಕ್ಷರ ಬೆರೆತ 10ಇಸಿ (10EC) ಎಂಬ ನಂಬರ್ ಉತ್ತರವಾಗಿ ಬಂದರೆ ಅದು ರಿಯಲ್‌ಟೆಕ್ ಎಂಬ ಚಿಪ್ ಕಂಪನಿ. ಇಂಟೆಲ್ ತನಗೆ ಇಟ್ಟುಕೊಂಡದ್ದು 8086, ತನ್ನ ಹೆಸರಾಂತ ಪ್ರೊಸೆಸರ್‌ನ ನಂಬರನ್ನೇ. 1995ರ ವಿಂಡೋಸ್ 95 ಈ ಗುರುತನ್ನು ಓದಿ ತಾನೇ ಡ್ರೈವರ್ ಹುಡುಕುವುದನ್ನು ಮನೆಮನೆಗೆ ತಂದಿತು.

ಡ್ರೈವರ್ ಜೊತೆ ಐಎನ್‌ಎಫ್ ಎಂಬ ಒಂದು ಫೈಲ್ ಬರುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು. 'ನಾನು ಈ ಈ ನಂಬರಿನ ಚಿಪ್ಪುಗಳಿಗೆ ಆಗುತ್ತೇನೆ' ಎಂಬ ಪಟ್ಟಿ ಅದರಲ್ಲಿರುತ್ತದೆ. ವಿಂಡೋಸ್ ಮಾಡುವುದು ಗಂಡು ಹೆಣ್ಣಿನ ಜಾತಕ ಹೊಂದಿಸುವಂಥ ಕೆಲಸ. ಪೂರ್ತಿ ಹೊಂದುವುದು ಸಿಕ್ಕರೆ ಅದಕ್ಕೇ ಮೊದಲ ಮರ್ಯಾದೆ. ಇಲ್ಲದಿದ್ದರೆ ಒಂದು ಮೆಟ್ಟಿಲು ಇಳಿದು, ಬರೀ ತಯಾರಕ ಮತ್ತು ಚಿಪ್ ನಂಬರ್ ಹೊಂದುವುದನ್ನು ಹಿಡಿಯುತ್ತದೆ.

ಹಾಗಿದ್ದರೆ ಇಷ್ಟು ವರ್ಷ ನಾವೆಲ್ಲ ತಪ್ಪು ಡ್ರೈವರ್ ಇಳಿಸಿಕೊಂಡು ಒದ್ದಾಡಿದ್ದು ಯಾಕೆ? ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬಿ ಹುಡುಕಿದ್ದರಿಂದ. ಡಿ-ಲಿಂಕ್‌ನ ಡಿಎಫ್‌ಇ-530ಟಿಎಕ್ಸ್ ಕಾರ್ಡಿನಲ್ಲಿದ್ದದ್ದು ವಿಯಾ ಕಂಪನಿಯ ರೈನ್ ಚಿಪ್. ಅದೇ ಹೆಸರಿನ ಕೊನೆಗೆ ಒಂದು ಪ್ಲಸ್ ಚಿಹ್ನೆ ಇದ್ದ ಕಾರ್ಡಿನಲ್ಲಿದ್ದದ್ದು ರಿಯಲ್‌ಟೆಕ್ 8139. ಒಂದಕ್ಕೆ ಬರೆದ ಡ್ರೈವರ್ ಇನ್ನೊಂದಕ್ಕೆ ಏನೇನೂ ಆಗುವುದಿಲ್ಲ. ಇನ್ನೂ ಕಷ್ಟದ್ದು ಹೆಸರೇ ಬದಲಾಗದೆ ಚಿಪ್ ಬದಲಾಗುವುದು. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್722ಎನ್ ಎಂಬ ವೈಫೈ ಡಾಂಗಲ್‌ನ ಮೊದಲ ಆವೃತ್ತಿಯಲ್ಲಿ ಅಥೆರೋಸ್ ಚಿಪ್ ಇತ್ತು, ಎರಡನೆಯದರಲ್ಲಿ ರಿಯಲ್‌ಟೆಕ್ ಬಂತು. ಹೊರಗಿನ ಹೆಸರು ಅದೇ. ವ್ಯತ್ಯಾಸ ತಿಳಿಯುವುದು ಹಿಂಬದಿಯ ಚೀಟಿಯಲ್ಲಿ ಇರುವೆ ಅಕ್ಷರದಲ್ಲಿ ಬರೆದ ವಿ1, ವಿ2ರಿಂದ ಮಾತ್ರ. ತಯಾರಕರಿಗೆ ಆ ತಿಂಗಳು ಯಾವ ಚಿಪ್ ಅಗ್ಗಕ್ಕೆ ಸಿಗುತ್ತದೋ ಅದನ್ನು ಹಾಕುವ ಅನುಕೂಲ ಇರಬಹುದು. ಕೊಂಡವರು ಒಂದು ಭಾನುವಾರ ಪೂರ್ತಿ ಕಳೆದುಕೊಳ್ಳುತ್ತಾರೆ. ಇದು ನ್ಯಾಯವಲ್ಲ ಅಂತಲೇ ನನ್ನ ಅನಿಸಿಕೆ. ಚಿಪ್ ಬದಲಾದರೆ ಹೆಸರೂ ಬದಲಾಗಬೇಕು.

ಭಾರತದಲ್ಲಿ 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂದಾಗ ಎಷ್ಟೋ ಮನೆಗಳು ಡ್ರೈವರ್ ಎಂಬ ಪದವನ್ನು ಮೊದಲ ಸಲ ಕೇಳಿದವು. ಮೋಡೆಮ್ ಹಿಂದೆ ಯುಎಸ್‌ಬಿ, ಲ್ಯಾನ್ (ಅಂದರೆ ಈಥರ್ನೆಟ್ ಕೇಬಲ್ಲಿನದು) ಎರಡೂ ಕಿಂಡಿ ಇರುತ್ತಿದ್ದವು. ಯುಎಸ್‌ಬಿಗೆ ಚುಚ್ಚಿದರೆ ಸಿಡಿ ಹಾಕಿ ಮೋಡೆಮ್‌ನ ಡ್ರೈವರ್ ಕೂರಿಸಬೇಕು. ಲ್ಯಾನ್‌ಗೆ ಚುಚ್ಚಿದರೆ ಕಂಪ್ಯೂಟರಿನ ಲ್ಯಾನ್ ಡ್ರೈವರ್ ಒಂದಿದ್ದರೆ ಸಾಕು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ಜೊತೆ ಮದರ್‌ಬೋರ್ಡಿನ ಸಿಡಿ ಕೊಡುತ್ತಿದ್ದರು. ಆ ಸಿಡಿ ಕಳೆದುಹೋದರೆ ಕಷ್ಟ ಕಾದಿತ್ತು. ಯಾಕೆಂದರೆ ವಿಂಡೋಸ್ ಎಕ್ಸ್‌ಪಿ ಬಂದದ್ದು 2001ರಲ್ಲಿ. ಆಮೇಲೆ ಬಂದ ಗಿಗಾಬಿಟ್ ಚಿಪ್ಪುಗಳ ನಂಬರ್ ಅದರ ಸಿಡಿಯ ಪಟ್ಟಿಯಲ್ಲಿ ಇರುವುದಾದರೂ ಹೇಗೆ? 2009ರ ವಿಂಡೋಸ್ 7ಕ್ಕೂ ಮುಂದೆ ಇದೇ ಗತಿಯಾಯಿತು. ಆಪರೇಟಿಂಗ್ ಸಿಸ್ಟಂನ ಡಿಸ್ಕ್ ಒಂದು ದಿನದ ಫೋಟೋ ಇದ್ದ ಹಾಗೆ. ಫೋಟೋ ತೆಗೆದ ಮೇಲೆ ಹುಟ್ಟಿದ ಮಗು ಅದರಲ್ಲಿ ಇರುವುದಿಲ್ಲ.

ವಿಂಡೋಸ್‌ನಂತೆಯೇ ಇನ್ನೊಂದು ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್‌ನ ದಾರಿ ಬೇರೆ. ಅಲ್ಲಿ ಡ್ರೈವರ್‌ಗಳು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಜೊತೆಗೇ ಬರುತ್ತವೆ. ಅದಕ್ಕೆ ಅಡಿಪಾಯ ಹಾಕಿದವರಲ್ಲಿ ಡೊನಾಲ್ಡ್ ಬೆಕರ್ ಹೆಸರನ್ನು ನಾನು ಮೊದಲು ಹೇಳುತ್ತೇನೆ. ನಾಸಾದ ಗೊಡಾರ್ಡ್ ಕೇಂದ್ರದಲ್ಲಿ 1994ರಲ್ಲಿ ಅವರು ಮತ್ತು ಥಾಮಸ್ ಸ್ಟರ್ಲಿಂಗ್ ಸಾಮಾನ್ಯ ಪಿಸಿಗಳನ್ನು ಈಥರ್ನೆಟ್‌ನಲ್ಲಿ ಪೋಣಿಸಿ ಬೇವುಲ್ಫ್ ಎಂಬ ಅಗ್ಗದ ಸೂಪರ್‌ಕಂಪ್ಯೂಟರ್ ಕಟ್ಟಿದರು. ಆ ಕಾಲದ ಸಾಲುಸಾಲು ಕಾರ್ಡುಗಳಿಗೆ ಬೆಕರ್ ಡ್ರೈವರ್ ಬರೆದು ಎಲ್ಲರಿಗೂ ತೆರೆದಿಟ್ಟರು. ಮುಂದೆ ಎನ್‌ವಿಡಿಯಾದ ಎನ್‌ಫೋರ್ಸ್ ಬೋರ್ಡುಗಳು ಬಂದಾಗ ಕಂಪನಿ ಲಿನಕ್ಸಿಗೆ ಒಳಗೇನಿದೆ ಅಂತ ತೋರಿಸದ, ಮುಚ್ಚಿದ ಡ್ರೈವರ್ ಮಾತ್ರ ಕೊಟ್ಟಿತು. 2003ರಲ್ಲಿ ಕೆಲವು ಡೆವಲಪರ್‌ಗಳು ಆ ಚಿಪ್ಪಿನ ನಡೆಯನ್ನು ತಾವೇ ಕಂಡುಹಿಡಿದು ಫೋರ್ಸ್‌ಡೆತ್ ಎಂಬ ಹೊಸ ಡ್ರೈವರ್ ಬರೆದರು. ಅದು ಎಷ್ಟು ಚೆನ್ನಾಗಿ ಬಂತೆಂದರೆ ಕೊನೆಗೆ ಎನ್‌ವಿಡಿಯಾದ ಎಂಜಿನಿಯರುಗಳೇ ಅದಕ್ಕೆ ಕೈಜೋಡಿಸಿದರು.

ಡ್ರೈವರ್ ಎಲ್ಲಿಂದ ತರುತ್ತೀರಿ ಎನ್ನುವುದು ಯಾಕೆ ಇಷ್ಟು ಮುಖ್ಯ ಅಂತ ಕೇಳಬಹುದು. ಅದು ಕೆಲಸ ಮಾಡುವುದು ಕರ್ನಲ್ ಒಳಗೆ, ಅಂದರೆ ಮನೆಯ ನಡುಕೋಣೆಯಲ್ಲಿ. ಅಲ್ಲಿ ಆದ ತಪ್ಪು ಯಂತ್ರವನ್ನೇ ಕೆಡಿಸಬಲ್ಲದು. 2008ರ ಸೆಪ್ಟೆಂಬರಿನಲ್ಲಿ ಲಿನಕ್ಸ್ 2.6.27ರ ಪರೀಕ್ಷಾ ಆವೃತ್ತಿ ಹಾಕಿದ ಕೆಲವರ ಇಂಟೆಲ್ ಈಥರ್ನೆಟ್ ಚಿಪ್ ಸತ್ತೇಹೋಯಿತು. ಚಿಪ್ಪಿನೊಳಗಿನ ಶಾಶ್ವತ ನೆನಪಿನಲ್ಲಿದ್ದ ಮಾಹಿತಿ ಅಳಿಸಿಹೋಗಿತ್ತು. ರೀಬೂಟ್ ಮಾಡಿದರೂ ವಿಂಡೋಸ್ ಹಾಕಿದರೂ ಬರುತ್ತಿರಲಿಲ್ಲ. ಎಲ್ಲರ ಬೆರಳೂ ಇ1000ಇ ಎಂಬ ಡ್ರೈವರ್ ಕಡೆಗೇ ತಿರುಗಿತು. ಇಂಟೆಲ್‌ನವರು ಮೊದಲು ಆ ನೆನಪಿಗೆ ಬೀಗ ಹಾಕುವ ತಿದ್ದುಪಡಿ ಕೊಟ್ಟರು. ಅಕ್ಟೋಬರಿನಲ್ಲಿ ನಿಜವಾದ ಕಾರಣ ಸಿಕ್ಕಿತು. ಎಫ್‌ಟ್ರೇಸ್ ಎಂಬ, ನೆಟ್‌ವರ್ಕ್‌ಗೆ ಸಂಬಂಧವೇ ಇಲ್ಲದ ಭಾಗವೊಂದು ತನ್ನ ಹಳೇ ಜಾಗ ಅಂದುಕೊಂಡು ಬರೆಯುತ್ತಿತ್ತು. ಆ ಜಾಗ ಅಷ್ಟರಲ್ಲಿ ಈ ಚಿಪ್ಪಿನ ಪಾಲಾಗಿತ್ತು. ಒಂದು ತಪ್ಪು ಬರಹ, ಒಂದು ಸತ್ತ ಚಿಪ್.

ನಡುಕೋಣೆಗೆ ಯಾರು ಬೇಕಾದರೂ ನುಗ್ಗದಿರಲೆಂದು ಮೈಕ್ರೋಸಾಫ್ಟ್ ಇದಕ್ಕೂ ಮೊದಲೇ, 64 ಬಿಟ್ ವಿಂಡೋಸ್ ವಿಸ್ಟಾದಿಂದ, ಡ್ರೈವರಿಗೆ ಡಿಜಿಟಲ್ ಸಹಿ ಕಡ್ಡಾಯ ಮಾಡಿತ್ತು. ಸಹಿಯೂ ಪೂರ್ತಿ ಕಾವಲಲ್ಲ. ಇರಾನಿನ ನತಾಂಜ್ ಅಣು ಘಟಕವನ್ನು ಕಾಡಿದ ಸ್ಟಕ್ಸ್‌ನೆಟ್ ಎಂಬ ಕಂಪ್ಯೂಟರ್ ವೈರಸ್ 2010ರಲ್ಲಿ ಬಯಲಾದಾಗ ಅದರ ಡ್ರೈವರ್ ಫೈಲುಗಳ ಮೇಲಿದ್ದದ್ದು ರಿಯಲ್‌ಟೆಕ್‌ನ ಸಹಿ. ಯಾರೋ ಅದನ್ನು ಕದ್ದಿದ್ದರು. ಸಹಿ ಇದ್ದೂ ಹೀಗಾದರೆ, 'ನಿಮ್ಮ 37 ಡ್ರೈವರ್ ಹಳೆಯದಾಗಿವೆ, ಈಗಲೇ ಒತ್ತಿ' ಅಂತ ಕೂಗುವ ಎಲ್ಲಿಂದಲೋ ಬಂದ ಅಪ್‌ಡೇಟರ್‌ಗೆ ನಡುಕೋಣೆಯ ಕೀಲಿ ಕೊಡಬಾರದು ಅಲ್ವಾ? ಮದರ್‌ಬೋರ್ಡ್ ತಯಾರಕರ ತಾಣ, ಅಲ್ಲಿ ಇಲ್ಲದಿದ್ದರೆ ಚಿಪ್ ತಯಾರಕರ ತಾಣ, ಇಲ್ಲವೇ ವಿಂಡೋಸ್ ಅಪ್‌ಡೇಟ್. ನಾನು ಇಷ್ಟನ್ನೇ ನಂಬುತ್ತೇನೆ.

ಅಕ್ಕನ ಅಂಗಡಿಯಲ್ಲಿ ಹಳದಿ ತ್ರಿಕೋನದ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿದೆ. ಪ್ರಾಪರ್ಟೀಸ್, ಡೀಟೇಲ್ಸ್, ಅಲ್ಲಿ 'ಹಾರ್ಡ್‌ವೇರ್ ಐಡಿಸ್'. ಮೊದಲ ಸಾಲಿನಲ್ಲೇ ಇತ್ತು: ತಯಾರಕ 10ಇಸಿ, ಚಿಪ್ 8125. ರಿಯಲ್‌ಟೆಕ್‌ನ 2.5 ಗಿಗಾಬಿಟ್ ಚಿಪ್. ಹುಡುಗನ ಪೆನ್‌ಡ್ರೈವ್‌ನಲ್ಲಿದ್ದದ್ದು ಅದಕ್ಕಿಂತ ಹಳೇ ವಿಂಡೋಸ್ 10. ಲಿನಕ್ಸ್ ಆಗಿದ್ದರೆ ಎಲ್‌ಎಸ್‌ಪಿಸಿಐ ಕಮಾಂಡ್ ಇದೇ ನಂಬರ್ ತೋರಿಸುತ್ತಿತ್ತು.

ಅಕ್ಕನ ಫೋನನ್ನೇ ಚಾರ್ಜರ್ ಕೇಬಲ್‌ನಲ್ಲಿ ಕಂಪ್ಯೂಟರಿಗೆ ಚುಚ್ಚಿದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ. ಹೀಗೆ ಮಾಡಿದರೆ ಆಂಡ್ರಾಯ್ಡ್ ಫೋನು ವಿಂಡೋಸ್‌ಗೆ ಒಂದು ನೆಟ್‌ವರ್ಕ್ ಕಾರ್ಡಿನಂತೆ ಕಾಣುತ್ತದೆ. ಅದಕ್ಕೆ ಬೇಕಾದ ಆರ್‌ಎನ್‌ಡಿಐಎಸ್ ಡ್ರೈವರ್ ವಿಂಡೋಸ್ ಒಳಗೇ ಇರುತ್ತದೆ. ಅರ್ಧ ನಿಮಿಷದಲ್ಲಿ ನೆಟ್ ಬಂತು. ಬೋರ್ಡಿನ ತಯಾರಕರ ತಾಣಕ್ಕೆ ಹೋಗಿ ಲ್ಯಾನ್ ಡ್ರೈವರ್ ಇಳಿಸಿ ಹಾಕಿದೆ. ಹಳದಿ ಗುರುತು ಹೋಯಿತು. ಫೋನ್ ಬಿಚ್ಚಿದರೂ ಪುಟ ತೆರೆಯಿತು. ಇಳಿಸಿದ ಫೈಲನ್ನು ಅಕ್ಕನ ಪೆನ್‌ಡ್ರೈವ್‌ಗೂ ಹಾಕಿಕೊಟ್ಟೆ.

ಬೆಂಚಿನ ಮೇಲೆ ಕೂತಿದ್ದ ಅಜ್ಜ ಎದ್ದು ಬಂದು ಸರ್ವೆ ನಂಬರ್ ಹೇಳಿದರು. ಪಹಣಿ ಪ್ರಿಂಟ್ ಆಗುತ್ತಿದ್ದಾಗ ಅಕ್ಕ ಡ್ರಾಯರ್‌ನಿಂದ ಮಾರ್ಕರ್ ತೆಗೆದರು. "ಆ ನಂಬರ್ ಇನ್ನೊಂದ್ಸಲ ಹೇಳು" ಅಂತ ಕೇಳಿ, ಕ್ಯಾಬಿನೆಟ್‌ನ ಬದಿಗೆ ದಪ್ಪಕ್ಷರದಲ್ಲಿ ಬರೆದರು: 10ಇಸಿ, 8125.