ಬೆಲೆ ಆಮೇಲೆ ಕೇಳಿ

ಒಂದು ಸಂಜೆ ಪೂರ್ತಿ ನಾನು ಶ್ರೀಮಂತನಾಗಿದ್ದೆ. ಸ್ಪ್ರೆಡ್‌ಶೀಟ್‌ನಲ್ಲಿ ಹತ್ತಾರು ದೇಶಗಳ ಷೇರುಗಳ ಪಟ್ಟಿ ಮಾಡಿ, ಫಂಕ್ಷನ್ (ಕೇಳಿದ್ದನ್ನು ತಂದುಕೊಡುವ ಸಿದ್ಧ ಸೂತ್ರ) ಹಾಕಿ ಒಂದೊಂದರ ಬೆಲೆ ತರಿಸಿ, ಎಲ್ಲವನ್ನೂ ಡಾಲರಿಗೆ ತಿರುಗಿಸಿ ಕೂಡಿಸಿದ್ದೆ. ಮೊತ್ತ ನೋಡಿ ಕಣ್ಣರಳಿತು. ಒಂದು ಬ್ರಿಟಿಷ್ ಷೇರು ಉಳಿದ ಎಲ್ಲವನ್ನೂ ನುಂಗಿ ಕೂತಿತ್ತು. ಅದು ಹೇಗೆ ಅಂತ ಹುಡುಕುತ್ತಾ ಹೋದಾಗ ತಿಳಿಯಿತು, ಲಂಡನ್ ಷೇರುಪೇಟೆಯಲ್ಲಿ ಬೆಲೆಯನ್ನು ಸಾಮಾನ್ಯವಾಗಿ ಪೌಂಡಿನಲ್ಲಿ ಹೇಳುವುದಿಲ್ಲ, ಪೆನ್ಸ್‌ನಲ್ಲಿ ಹೇಳುತ್ತಾರೆ. ನೂರು ಪೆನ್ಸ್‌ಗೆ ಒಂದು ಪೌಂಡ್. ನನ್ನ ಸಿರಿತನವನ್ನು ನೂರರಿಂದ ಭಾಗಿಸಿ ಮಲಗಿದೆ.

‘ಸಂಖ್ಯೆ ಸುಳ್ಳು ಹೇಳುವುದಿಲ್ಲ’ ಎನ್ನುವವರು ಸಿಕ್ಕಾಗಲೆಲ್ಲ ನನಗೆ ಆ ಸಂಜೆ ನೆನಪಾಗುತ್ತದೆ. ಆ ಮಾತನ್ನು ನಾನು ಮೂಢನಂಬಿಕೆಗಳ ಪಟ್ಟಿಗೇ ಸೇರಿಸುತ್ತೇನೆ. ಸಂಖ್ಯೆ ಸುಳ್ಳೂ ಹೇಳುವುದಿಲ್ಲ, ನಿಜವೂ ಹೇಳುವುದಿಲ್ಲ. ಅದು ಮೂಕ. ಅದರ ಪರವಾಗಿ ಮಾತಾಡುವುದು ಅದಕ್ಕೆ ಅಂಟಿಸಿದ ಚೀಟಿ. ಯಾವ ಹಣದಲ್ಲಿ, ಯಾವ ದಿನದ್ದು, ತಿಂಗಳ ಲೆಕ್ಕವೋ ವರ್ಷದ್ದೋ, ಅಳೆದವರು ಯಾರು ಎಂಬುದೆಲ್ಲ ಆ ಚೀಟಿಯಲ್ಲಿರುತ್ತದೆ. ಅದಕ್ಕೇ ಮೆಟಾಡೇಟಾ ಅಂತ ಹೆಸರು. ‘ದತ್ತಾಂಶದ ಬಗೆಗಿನ ದತ್ತಾಂಶ’ ಎಂಬ ವಿವರಣೆ ನನಗೆ ಹಿಡಿಸುವುದಿಲ್ಲ. ಕೇಳಿದವರಿಗೆ ನಿದ್ದೆ ಬರುತ್ತದೆ.

ಚೀಟಿ ಕಳೆದುಕೊಳ್ಳುವ ಈ ತೊಂದರೆ ಕಂಪ್ಯೂಟರಿನ ಜೊತೆ ಹುಟ್ಟಿದ್ದಲ್ಲ. ಸುಮಾರು 5,000 ವರ್ಷಗಳ ಹಿಂದೆ, ಈಗಿನ ಇರಾಕಿನಲ್ಲಿದ್ದ ಉರುಕ್ ನಗರದ ಲೆಕ್ಕಿಗರು ಹಸಿ ಮಣ್ಣಿನ ಹಲಗೆಯ ಮೇಲೆ ಗುರುತು ಒತ್ತಿ ಲೆಕ್ಕ ಇಡುತ್ತಿದ್ದರು. ಒಂದಕ್ಕೆ ಸಣ್ಣ ಉದ್ದನೆಯ ಗುರುತು, ಅದರ ಮೇಲಿನ ಸ್ಥಾನಕ್ಕೆ ದುಂಡನೆಯ ಗುರುತು. ಕುರಿ ಎಣಿಸುವಾಗ ಒಂದು ದುಂಡು ಎಂದರೆ ಹತ್ತು ಸಣ್ಣ ಗುರುತಿಗೆ ಸಮ. ಬಾರ್ಲಿ ಅಳೆಯುವಾಗ ಅದೇ ದುಂಡು ಆರಕ್ಕೆ ಸಮ! ಗುರುತು ಒಂದೇ, ಬೆಲೆ ಎರಡು. ಪಕ್ಕದಲ್ಲಿ ಬರೆದಿರುವುದು ಕುರಿಯೋ ಕಾಳೋ ಎಂದು ನೋಡದೆ ಆ ಹಲಗೆಯನ್ನು ಓದುವಂತೆಯೇ ಇಲ್ಲ. ಅದಕ್ಕೂ ಮುಂಚೆ ಟೊಳ್ಳಾದ ಮಣ್ಣಿನ ಉಂಡೆಯೊಳಗೆ ಪುಟ್ಟ ಬಿಲ್ಲೆಗಳನ್ನಿಟ್ಟು ಮುಚ್ಚುವ ಪದ್ಧತಿಯಿತ್ತು. ಒಳಗೆ ಎಷ್ಟಿದೆ ಎಂದು ನೋಡಬೇಕಾದರೆ ಉಂಡೆ ಒಡೆಯಬೇಕು. ಹಾಗಾಗಿ ಕೆಲವು ಉಂಡೆಗಳ ಹೊರಮೈ ಮೇಲೇ ಒಳಗಿರುವುದರ ಗುರುತು ಒತ್ತಿದರು. ಬರವಣಿಗೆ ಹುಟ್ಟಿದ್ದು ಈ ಹೊರಗಿನ ಗುರುತುಗಳಿಂದ ಎಂದು ಪುರಾತತ್ವಜ್ಞೆ ಡೆನಿಸ್ ಶ್ಮಾಂಟ್-ಬೆಸೆರಾಟ್ ವಾದಿಸಿದ್ದಾರೆ. ಅವರ ಮಾತು ಒಪ್ಪಿದರೆ ಮೊದಲ ಬರಹ ಕವಿತೆಯಲ್ಲ, ಚೀಟಿ. ಕವಿಗಳು ಬೇಸರ ಮಾಡಿಕೊಳ್ಳಬಾರದು.

ಸರಿ, ಫಂಕ್ಷನ್‌ಗೆ ಬರೋಣ. ಗೂಗಲ್ ಶೀಟ್ಸ್‌ನಲ್ಲಿ ಗೂಗಲ್‌ಫೈನಾನ್ಸ್ ಎಂಬ ಫಂಕ್ಷನ್ ಇದೆ. ಅದರ ಆವರಣದೊಳಗೆ ಮುಖ್ಯವಾಗಿ ಎರಡು ಜಾಗ. ಮೊದಲನೆಯದರಲ್ಲಿ ಷೇರಿನ ಸಂಕೇತ, ಅಂದರೆ ‘ಯಾರು’. ಎರಡನೆಯದರಲ್ಲಿ ‘ಏನು’. ಅಲ್ಲಿ ‘ಪ್ರೈಸ್’ ಎಂದು ಬರೆದರೆ ಬೆಲೆ ಬರುತ್ತದೆ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ, ನಾನೂ ನಿಲ್ಲಿಸಿದ್ದೆ. ಆದರೆ ಅದೇ ಜಾಗದಲ್ಲಿ ‘ಕರೆನ್ಸಿ’ ಎಂದು ಬರೆದು ನೋಡಿ. ಬೆಲೆಯ ಬದಲು ಅದು ಯಾವ ಹಣದಲ್ಲಿದೆ ಎಂಬ ಉತ್ತರ ಬರುತ್ತದೆ. ‘ಟ್ರೇಡ್‌ಟೈಮ್’ ಎಂದರೆ ಕೊನೆಯ ವ್ಯವಹಾರ ನಡೆದ ಹೊತ್ತು. ‘ಡೇಟಾಡಿಲೇ’ ಎಂದರೆ ಈ ಬೆಲೆ ಎಷ್ಟು ನಿಮಿಷ ಹಳಸಿದೆ ಎಂಬ ಲೆಕ್ಕ. ಅಲ್ಲಿನ ಬೆಲೆಗಳು 20 ನಿಮಿಷದವರೆಗೂ ತಡವಾಗಿರಬಹುದು ಎಂದು ಗೂಗಲ್ಲೇ ಹೇಳುತ್ತದೆ.

ನನಗೆ ಖುಷಿ ಕೊಡುವುದು ಇದೇ. ಬೆಲೆ ಕೇಳಲು ಒಂದು ಯಂತ್ರ, ಬೆಲೆಯ ಗುಣ ಕೇಳಲು ಇನ್ನೊಂದು ಯಂತ್ರ ಬೇಕಿಲ್ಲ. ಬಾವಿಗೆ ಹಗ್ಗ ಒಂದೇ, ಕೊಡ ಮಾತ್ರ ಬೇರೆ. ಇನ್ನೊಂದು ರೀತಿ ಹೇಳುತ್ತೇನೆ. ಗ್ರಂಥಾಲಯಕ್ಕೆ ಫೋನ್ ಮಾಡಿ ‘ಆ ಪುಸ್ತಕದ 40ನೇ ಪುಟ ಓದಿ’ ಎನ್ನಬಹುದು, ‘ಆ ಪುಸ್ತಕ ಯಾವ ಭಾಷೆಯದ್ದು?’ ಎಂದೂ ಕೇಳಬಹುದು. ಫೋನ್ ಅದೇ, ಎತ್ತುವವರೂ ಅವರೇ. ಆದರೆ ಎರಡನೆಯ ಪ್ರಶ್ನೆಯನ್ನು ಮೊದಲು ಕೇಳದಿದ್ದರೆ ಓದಿಸಿಕೊಂಡ ಪುಟ ಗಾಳಿಗೆ ಹೋದಂತೆ. ಉಪಮೆ ಜಾಸ್ತಿ ಆಯಿತು ಅಂತ ಗೊತ್ತು, ಆದರೂ ಮೂರನೆಯದು ಕೇಳಿ. ಡೇಟಾಬೇಸ್ ಎಂಬುದು ದೊಡ್ಡ ಕಪಾಟು. ಪ್ರತಿ ಷೇರಿಗೆ ಒಂದು ಸಾಲು, ಸಾಲಿನಲ್ಲಿ ಹತ್ತಾರು ಗೂಡು. ಒಂದು ಗೂಡಿನಲ್ಲಿ ಬೆಲೆ, ಪಕ್ಕದ್ದರಲ್ಲಿ ಕರೆನ್ಸಿ, ಅದರಾಚೆ ಹೆಸರು. ಕಪಾಟಿಗೆ ಯಾವುದು ದತ್ತಾಂಶ, ಯಾವುದು ಮೆಟಾಡೇಟಾ ಅಂತ ಭೇದವಿಲ್ಲ. ಎಲ್ಲವೂ ಗೂಡೇ. ಭೇದ ಇರುವುದು ಕೇಳುವ ನಮ್ಮ ತಲೆಯಲ್ಲಿ.

ಉತ್ತರ ಸೆಲ್ಲಿನಲ್ಲೇ ಬಂದು ಕೂರುವುದರಿಂದ ಇನ್ನೊಂದು ಫಾರ್ಮುಲಾ ಅದನ್ನು ಓದಬಲ್ಲದು. ಕರೆನ್ಸಿಯ ಉತ್ತರ ‘ಜಿಬಿಎಕ್ಸ್’, ಅಂದರೆ ಪೆನ್ಸ್ ಎಂದು ಬಂದರೆ ನೂರರಿಂದ ಭಾಗಿಸು, ಇಲ್ಲದಿದ್ದರೆ ಸುಮ್ನೆ ಇರು. ಇಷ್ಟು ಬರೆದು ಕೆಳಗೆ ಎಳೆದರೆ ಆಯಿತು, ನೂರು ಸಾಲಿಗೂ ಅದೇ ಕಾವಲು. ಹಣಕಾಸು ಮಾಹಿತಿ ಒದಗಿಸುವ ಬ್ಲೂಮ್‌ಬರ್ಗ್ ಟರ್ಮಿನಲ್ ಇರುವವರು ಎಕ್ಸೆಲ್‌ನಲ್ಲಿ ಬಳಸುವ ಬಿಡಿಪಿ ಫಂಕ್ಷನ್ನಿನ ಕಟ್ಟೂ ಇದೇ, ಯಾರು ಮತ್ತು ಏನು. ಅಲ್ಲಿ ಮಾತ್ರ ಒಂದು ಸೊಗಸಾದ ಹಳ್ಳವಿದೆ. ಬ್ಲೂಮ್‌ಬರ್ಗ್ ಪೌಂಡನ್ನೂ ಪೆನ್ಸನ್ನೂ ‘ಜಿಬಿಪಿ’ ಎಂದೇ ಬರೆಯುತ್ತದೆ. ಪೌಂಡಾದರೆ ಕೊನೆಯ ಇಂಗ್ಲಿಷ್ ‘ಪಿ’ ದೊಡ್ಡಕ್ಷರ, ಪೆನ್ಸ್ ಆದರೆ ಸಣ್ಣಕ್ಷರ. ಎಕ್ಸೆಲ್‌ನ ‘ಸಮ’ ಚಿಹ್ನೆ ದೊಡ್ಡಕ್ಷರ ಸಣ್ಣಕ್ಷರದ ಭೇದವನ್ನೇ ನೋಡುವುದಿಲ್ಲ. ಚೀಟಿಯನ್ನು ಕೇಳಿ ತರಿಸಿಕೊಂಡು, ಓದಿಯೂ ಮೋಸ ಹೋಗಬಹುದು! ಅಲ್ಲಿ ಆ ಭೇದವನ್ನೂ ನೋಡುವ ‘ಎಕ್ಸಾಕ್ಟ್’ ಫಂಕ್ಷನ್ ಬೇಕು.

‘ಯಾರು’ ಎಂಬ ಮೊದಲ ಜಾಗವೂ ಅಂದುಕೊಂಡಷ್ಟು ಸರಳವಲ್ಲ. ಷೇರಿನ ಸಂಕೇತ ಹೆಸರಲ್ಲ, ಬಾಡಿಗೆ ಮನೆಯ ನಂಬರ್ ಇದ್ದ ಹಾಗೆ. 2022ರ ಜೂನ್‌ನಿಂದ ‘ಮೆಟಾ’ ಎಂಬ ಸಂಕೇತದಲ್ಲಿ ಫೇಸ್‌ಬುಕ್‌ನ ಕಂಪನಿ ಇದೆ. ಅದೇ ವರ್ಷದ ಜನವರಿಯವರೆಗೆ ಆ ಮನೆಯಲ್ಲಿದ್ದದ್ದು ಮೆಟಾವರ್ಸ್ ಷೇರುಗಳ ಒಂದು ಇಟಿಎಫ್, ಅಂದರೆ ಷೇರಿನಂತೆಯೇ ಪೇಟೆಯಲ್ಲಿ ಕೊಂಡು ಮಾರುವ ನಿಧಿ. ಹಳೆಯ ಫೈಲುಗಳನ್ನು ಜೋಡಿಸುವಾಗ ‘ಯಾವ ಸಂಕೇತ?’ ಎಂದಷ್ಟೇ ಕೇಳಿದರೆ ಇಬ್ಬರ ಸಾಮಾನೂ ಒಂದೇ ಗಾಡಿಗೆ ಹತ್ತುತ್ತದೆ. ಪಕ್ಕದ ಕಾಲಂನಲ್ಲಿ ಹೆಸರನ್ನೂ ತರಿಸಿಕೊಳ್ಳುವುದು ಅದಕ್ಕೇ.

ದೇಶಗಳ ಲೆಕ್ಕದಲ್ಲಂತೂ ಚೀಟಿ ಇನ್ನೂ ಮುಖ್ಯ. ಅಮೆರಿಕದ ಸೇಂಟ್ ಲೂಯಿಸ್ ಫೆಡರಲ್ ರಿಸರ್ವ್ ಬ್ಯಾಂಕ್ ನಡೆಸುವ ಫ್ರೆಡ್ ಎಂಬ ಆರ್ಥಿಕ ಅಂಕಿಅಂಶಗಳ ಡೇಟಾಬೇಸ್ ಇದೆ. ಎಕ್ಸೆಲ್‌ನ ವೆಬ್‌ಸರ್ವಿಸ್ ಫಂಕ್ಷನ್‌ಗೆ ಅದರ ವಿಳಾಸ ಕೊಟ್ಟರೆ, ಉಚಿತವಾಗಿ ಸಿಗುವ ಒಂದು ಕೀ (ಬಳಸುವವರ ಗುರುತಿನ ಸಂಕೇತ) ಜೊತೆಗೆ, ಒಂದು ಸರಣಿಯ ಪೂರ್ತಿ ಜಾತಕ ಸೆಲ್ಲಿಗೆ ಬಂದು ಬೀಳುತ್ತದೆ. ಶೀರ್ಷಿಕೆ, ಘಟಕ, ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ, ಶುರುವಾದ ದಿನ, ಕೊನೆಗೆ ತಿದ್ದಿದ ದಿನ ಎಲ್ಲವೂ. ಫಿಲ್ಟರ್‌ಎಕ್ಸ್‌ಎಂಎಲ್ ಎಂಬ ಇನ್ನೊಂದು ಫಂಕ್ಷನ್ ಅದರಿಂದ ಬೇಕಾದ ತುಂಡನ್ನು ಹೆಕ್ಕಿಕೊಡುತ್ತದೆ.

ಅಲ್ಲಿ ಅಮೆರಿಕದ ಜಿಡಿಪಿ ಸರಣಿ ಮೂರು ತಿಂಗಳಿಗೊಂದು ಸಂಖ್ಯೆ ಕೊಡುತ್ತದೆ. ವರ್ಷದ ಲೆಕ್ಕ ಬೇಕಾದರೆ ನಾಲ್ಕನ್ನೂ ಕೂಡಿಸಬೇಕು ಅನ್ನಿಸುತ್ತದೆ, ಅಲ್ವಾ? 2023ಕ್ಕೆ ಹಾಗೆ ಕೂಡಿಸಿದರೆ 110 ಟ್ರಿಲಿಯನ್ ಡಾಲರ್ ಆಸುಪಾಸು ಬರುತ್ತದೆ. ಇಡೀ ಜಗತ್ತಿನ ಜಿಡಿಪಿಯೇ ಹೆಚ್ಚೂಕಡಿಮೆ ಅಷ್ಟು! ಗುಟ್ಟು ಚೀಟಿಯಲ್ಲಿದೆ. ‘ಸೀಸನಲಿ ಅಡ್ಜಸ್ಟೆಡ್ ಆನ್ಯುಯಲ್ ರೇಟ್’, ಅಂದರೆ ಋತುಮಾನದ ಏರಿಳಿತ ಕಳೆದ ವಾರ್ಷಿಕ ದರ ಎಂದು ಅದರಲ್ಲಿ ಬರೆದಿರುತ್ತದೆ. ಮೂರು ತಿಂಗಳ ವೇಗದಲ್ಲೇ ವರ್ಷವಿಡೀ ನಡೆದರೆ ಎಷ್ಟಾದೀತು ಎಂದು ಪ್ರತಿ ಸಂಖ್ಯೆಯನ್ನೂ ಮೊದಲೇ ವರ್ಷಕ್ಕೆ ಹಿಗ್ಗಿಸಿ ಇಟ್ಟಿದ್ದಾರೆ. ಗಾಡಿಯ ಮೀಟರಿನಲ್ಲಿ ಗಂಟೆಗೆ 60 ಕಿಲೋಮೀಟರ್ ಅಂತ ನಾಲ್ಕು ಸಲ ಕಂಡರೆ 240 ಕಿಲೋಮೀಟರ್ ಹೋದೆವು ಎನ್ನುತ್ತೇವೆಯೇ? ಇಲ್ಲಿ ಕೂಡಿಸುವುದಲ್ಲ, ಸರಾಸರಿ ತೆಗೆಯಬೇಕು.

‘ಘಟಕವನ್ನು ಒಮ್ಮೆ ನೋಡಿ ಕೈಯಲ್ಲಿ ಟೈಪ್ ಮಾಡಿದರೆ ಸಾಲದೇ?’ ಎಂದು ಕೇಳುವವರಿದ್ದಾರೆ. ಸಾಲದು. ಬೆಲೆ ಏರಿಕೆಯನ್ನು ಕಳೆದು ತೋರಿಸುವ ಜಿಡಿಪಿ ಸರಣಿಯ ಘಟಕ ಬಹಳ ಕಾಲ 2012ರ ಡಾಲರ್ ಆಗಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಅದನ್ನು 2017ರ ಡಾಲರಿಗೆ ಬದಲಿಸಿದರು. 20 ಸಾವಿರ ಬಿಲಿಯನ್ ಚಿಲ್ಲರೆ ಇದ್ದದ್ದು 22 ಸಾವಿರ ದಾಟಿತು. ದೇಶವೇನೂ ರಾತ್ರೋರಾತ್ರಿ ಬೆಳೆದಿರಲಿಲ್ಲ, ಅಳತೆಗೋಲು ಬದಲಾಗಿತ್ತು, ಅಷ್ಟೇ. ಘಟಕವನ್ನು ಫಂಕ್ಷನ್‌ನಿಂದ ಕೇಳಿ ತರಿಸುತ್ತಿದ್ದವರ ಹಾಳೆಯಲ್ಲಿ, ಹೊಸದಾಗಿ ಕೇಳಿದೊಡನೆ ಶೀರ್ಷಿಕೆಯೂ ಬದಲಾಯಿತು. ಟೈಪ್ ಮಾಡಿಟ್ಟವರ ಹಾಳೆಯಲ್ಲಿ ಹೊಸ ಸಂಖ್ಯೆಯ ತಲೆಯ ಮೇಲೆ ಹಳೆಯ ಟೋಪಿ ಉಳಿಯಿತು.

ಇಷ್ಟೆಲ್ಲ ಹೇಳಿದ ಮೇಲೆ ನನ್ನನ್ನು ನಗಿಸಿದ ಒಂದು ಸಂಗತಿ ಇದೆ. ‘ಟ್ರೇಡ್‌ಟೈಮ್’ ಕೇಳಿದಾಗ ಕೆಲವೊಮ್ಮೆ ದಿನಾಂಕದ ಬದಲು 45000ದಂಥ ಒಂದು ಸಂಖ್ಯೆ ಬಂದು ಕೂರುತ್ತದೆ. ಚೀಟಿ ಕೇಳಿದರೆ ಚೀಟಿಯಿಲ್ಲದ ಇನ್ನೊಂದು ಸಂಖ್ಯೆ! ಸ್ಪ್ರೆಡ್‌ಶೀಟ್ ದಿನಾಂಕಗಳನ್ನು ದಿನಗಳ ಎಣಿಕೆಯಾಗಿ ಇಟ್ಟುಕೊಳ್ಳುತ್ತದೆ. 45000 ಎಂದರೆ 2023ರ ಮಾರ್ಚ್ 15. ಅದು ದಿನಾಂಕ ಎಂದು ಹೇಳುವುದು ಸೆಲ್ಲಿನ ಫಾರ್ಮ್ಯಾಟ್, ಅದೂ ಮೆಟಾಡೇಟಾವೇ. ಈ ಎಣಿಕೆಯಲ್ಲೂ ಒಂದು ಹಳೆಯ ತಪ್ಪು ಹುದುಗಿದೆ. 1983ರ ಲೋಟಸ್ 1-2-3 ಎಂಬ ತಂತ್ರಾಂಶ 1900ನ್ನು ಅಧಿಕ ವರ್ಷವೆಂದು ಎಣಿಸಿತ್ತು. ನಿಜಕ್ಕೂ ಅದು ಅಧಿಕ ವರ್ಷವಲ್ಲ. ಲೋಟಸ್ ಫೈಲುಗಳ ಜೊತೆ ಹೊಂದಿಕೊಳ್ಳಲು ಎಕ್ಸೆಲ್ ಆ ತಪ್ಪನ್ನೂ ಉಳಿಸಿಕೊಂಡಿತು, ಇವತ್ತಿಗೂ ಬಿಟ್ಟಿಲ್ಲ. ಎಕ್ಸೆಲ್‌ನ ಒಂದು ಸೆಲ್ಲಿನಲ್ಲಿ 60 ಎಂದು ಬರೆದು ದಿನಾಂಕದ ಫಾರ್ಮ್ಯಾಟ್ ಕೊಟ್ಟು ನೋಡಿ. ಎಂದೂ ಬಾರದ 1900ರ ಫೆಬ್ರವರಿ 29 ಕಾಣುತ್ತದೆ. ಅದೇ 60ನ್ನು ಗೂಗಲ್ ಶೀಟ್ಸ್‌ನಲ್ಲಿ ಬರೆದರೆ ಫೆಬ್ರವರಿ 28.