ನಮ್ಮ ಕಡಿ ಬಿಸಿಲು ಜಾಸ್ತಿ, ಎರಡೇ ಕಿಲೋವ್ಯಾಟ್ ಸಾಕಲ್ರಿ?

"ಸರ್, ನಮ್ಮ ಕಲಬುರಗಿ ಬಿಸಿಲ ನಿಮಗ ಗೊತ್ತೇ ಅದ. ಬ್ಯಾರೆ ಊರಾಗ 3 ಕಿಲೋವ್ಯಾಟ್ ಸೋಲಾರ್ ಹಾಕಿದ್ರ ಬರೋ ಕರೆಂಟ್, ನಮ್ಮಲ್ಲಿ 2 ಕಿಲೋವ್ಯಾಟಿಗೇ ಬರ್ತದ ಅಂತಾರ. ಖರೇನಾ? ಸಬ್ಸಿಡಿ ಎಷ್ಟು ಸಿಗ್ತದ?"

ಬೀದರಿನಿಂದ ಬರಲಿ, ಯಾದಗಿರಿಯಿಂದ ಬರಲಿ, ಪ್ರಶ್ನೆ ಇದೇ. ಊರಿನ ಹೆಸರು ಮಾತ್ರ ಬೇರೆ. ಚುಟುಕಾಗಿ ಎಷ್ಟೋ ಸಲ ಹೇಳಿದ್ದೇನೆ, ಯಾರೂ ನಂಬಿದಂತಿಲ್ಲ. ಈ ಸಲ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಸಬ್ಸಿಡಿ ಲೆಕ್ಕ ಸುಲಭ, ಮೊದಲು ಅದನ್ನು ಮುಗಿಸೋಣ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000 ರೂಪಾಯಿ, 2ಕ್ಕೆ 60,000, 3ಕ್ಕೆ 78,000. ಅದರ ಮೇಲೆ 5 ಹಾಕಿಸಿ, 10 ಹಾಕಿಸಿ, 78,000 ದಾಟುವುದಿಲ್ಲ. ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ನಮ್ಮ ಭಾಗಕ್ಕೆ ಕರೆಂಟ್ ಕೊಡುವ ಕಂಪನಿ ಜೆಸ್ಕಾಂನ ಒಪ್ಪಿಗೆ ಬೇಕು, ನೋಂದಾಯಿತ ವೆಂಡರ್ ಕೈಯಲ್ಲೇ ಹಾಕಿಸಬೇಕು. ಪ್ಯಾನೆಲ್ ನಮ್ಮ ದೇಶದಲ್ಲಿ ತಯಾರಾದದ್ದೇ ಆಗಿರಬೇಕು. ನೀವು ಲೈನಿಗೆ ಕೊಟ್ಟ ಕರೆಂಟ್, ಲೈನಿನಿಂದ ತಗೊಂಡ ಕರೆಂಟ್ ಎರಡನ್ನೂ ಅಳೆಯುವ ನೆಟ್ ಮೀಟರ್ ಕೂತು ಎಲ್ಲ ಮುಗಿದ ಮೇಲೆ ಹಣ ಬ್ಯಾಂಕ್ ಖಾತೆಗೆ ಬರುತ್ತದೆ. ಅಂದರೆ ಮೊದಲು ಪೂರ್ತಿ ಹಣ ನೀವೇ ಹೊಂದಿಸಬೇಕು. ಅದಕ್ಕೆ ಬ್ಯಾಂಕುಗಳು ಅಡಮಾನ ಇಲ್ಲದೆ ಸಾಲ ಕೊಡುತ್ತವೆ. ಇನ್ನೊಂದು ಮಾತು: ಕರೆಂಟ್ ಬಿಲ್ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಬರುತ್ತಿದ್ದರೆ, ಅರ್ಜಿಗಿಂತ ಮೊದಲು ಹೆಸರು ಬದಲಾಯಿಸಿಕೊಳ್ಳಿ.

ಇನ್ನು ಬಿಸಿಲಿನ ವಿಷಯ.

ಪ್ಯಾನೆಲ್‌ಗೆ ಬೇಕಾದದ್ದು ಬೆಳಕು. ಕಾವು ಅದಕ್ಕೆ ಶತ್ರು. ಪ್ಯಾನೆಲ್ ಹಿಂದೆ ಅಂಟಿಸಿದ ಚೀಟಿಯಲ್ಲಿ 540 ವ್ಯಾಟ್, 550 ವ್ಯಾಟ್ ಎಂದೆಲ್ಲ ಬರೆದಿರುತ್ತದಲ್ಲ, ಅದು ಒಳಗಿನ ಸೆಲ್ 25 ಡಿಗ್ರಿ ಇದ್ದಾಗಿನ ಅಳತೆ. ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಗಾಳಿಯೇ 42 ಡಿಗ್ರಿ ಇರುತ್ತದೆ. ಬಿಸಿಲಿಗೆ ಬಿದ್ದ ಕಪ್ಪು ಪ್ಯಾನೆಲ್ ಸುಮಾರು 65ಕ್ಕೆ ಹೋಗುತ್ತದೆ. 25ರ ಮೇಲೆ ಏರುವ ಒಂದೊಂದು ಡಿಗ್ರಿಗೂ ಉತ್ಪಾದನೆ ಹೆಚ್ಚುಕಡಿಮೆ ಶೇಕಡಾ 0.35ರಷ್ಟು ಇಳಿಯುತ್ತದೆ. 40 ಡಿಗ್ರಿ ಏರಿದರೆ ಶೇಕಡಾ 14. ಮೂರು ಕಿಲೋವ್ಯಾಟಿನಲ್ಲಿ 400 ವ್ಯಾಟ್‌ಗಿಂತ ಜಾಸ್ತಿ ಕಾವಿಗೇ ಹೋಯಿತು. ಐದು ಸೀಲಿಂಗ್ ಫ್ಯಾನ್ ತಿರುಗಿಸುವಷ್ಟು ಕರೆಂಟ್ ಅದು.

ಯಾಕೆ ಹೀಗೆ? ಸಿಲಿಕಾನ್ ಬಿಸಿಯಾದಷ್ಟೂ ಅದರ ವೋಲ್ಟೇಜ್ ಬೀಳುತ್ತದೆ. ಆಂಪಿಯರ್ ಒಂದಿಷ್ಟು ಏರುತ್ತದೆ, ಆದರೆ ಬಿದ್ದದ್ದನ್ನು ತುಂಬುವಷ್ಟಲ್ಲ.

ಹಾಗಾದರೆ ಈ ತಪ್ಪು ತಿಳಿವಳಿಕೆ ಎಲ್ಲಿಂದ ಬಂತು? ನನ್ನ ಅನುಮಾನ ನೀರು ಕಾಯಿಸುವ ಸೋಲಾರ್ ಮೇಲೆ. ಅದು ನಮ್ಮ ಮಾಳಿಗೆಗಳ ಮೇಲೆ ಮೊದಲೇ ಬಂದು ಕೂತಿತ್ತು. ಅದಕ್ಕೆ ಕಾವೇ ಬೇಕು, ಕಾವು ಹೆಚ್ಚಿದಷ್ಟೂ ನೀರು ಸುಡುತ್ತದೆ. ಹೆಸರು ಎರಡಕ್ಕೂ ಸೋಲಾರ್, ಕೆಲಸ ಮಾತ್ರ ಬೇರೆ. ಮಾರಾಟಕ್ಕೆ ಬರುವ ಹುಡುಗರಿಗೂ ಈ ಗೊಂದಲ ಅನುಕೂಲವೇ. "ನಿಮ್ಮ ಬಿಸಿಲಿಗೆ ಎರಡೇ ಸಾಕು" ಅಂದರೆ ರೇಟು ಕಡಿಮೆ ಕಾಣುತ್ತದೆ, ಗಿರಾಕಿ ಬೇಗ ಒಪ್ಪುತ್ತಾನೆ.

ನನ್ನ ಮಾತು ನಂಬಬೇಡಿ. ಪಕ್ಕದ ಮನೆಯಲ್ಲಿ ಸೋಲಾರ್ ಇದ್ದರೆ ಅವರ ಮೊಬೈಲಿನಲ್ಲಿ ಇನ್ವರ್ಟರ್ ಆ್ಯಪ್ ತೆಗೆಸಿ ನೋಡಿ, ಯಾವ ಹೊತ್ತಿಗೆ ಎಷ್ಟು ಕರೆಂಟ್ ಬಂತು ಅಂತ ಅದರಲ್ಲಿ ಗೆರೆ ಎಳೆದು ತೋರಿಸುತ್ತದೆ. ಮೇ ತಿಂಗಳ ಒಂದು ಮಧ್ಯಾಹ್ನ ನೋಡಿ. ಮಳೆ ಬಂದು ಹೋಗಿ, ಗಾಳಿ ತಂಪಾಗಿ, ಆಕಾಶ ತೊಳೆದಂತಿರುವ ಒಂದು ಮಧ್ಯಾಹ್ನವನ್ನೂ ನೋಡಿ. ಗೆರೆ ಯಾವತ್ತು ಮೇಲಿದೆ ಅಂತ ನೀವೇ ಹೇಳಿ.

ಇಷ್ಟು ಹೇಳಿದರೆ ಕೆಲವರು ತಿರುಗಿಸಿ ಕೇಳುತ್ತಾರೆ, "ಹಂಗಾರ ನಮ್ಮ ಊರಿಗೆ ಸೋಲಾರ್ ಬ್ಯಾಡೇನ್ರಿ?" ಬೇಕು ಮಾರಾಯ್ರೇ! ನಮ್ಮಲ್ಲಿ ಮೋಡವಿಲ್ಲದ ದಿನ ಬೇಕಾದಷ್ಟಿವೆ, ಆ ಬೆಳಕೇ ನಮ್ಮ ಆಸ್ತಿ. ವರ್ಷದ ಸರಾಸರಿ ಹಿಡಿದರೆ ಕಿಲೋವ್ಯಾಟಿಗೆ ದಿನಕ್ಕೆ ಸುಮಾರು 4 ಯೂನಿಟ್ ಅಂತ ಲೆಕ್ಕ ಹಾಕಿ. 2 ಕಿಲೋವ್ಯಾಟ್‌ಗೆ ತಿಂಗಳಿಗೆ 240, 3ಕ್ಕೆ 360. ಕೂಲರ್, ಎಸಿ ಓಡಿಸಿ ತಿಂಗಳಿಗೆ 300 ಯೂನಿಟ್ ಸುಡುವ ಮನೆಗೆ ಎರಡು ಸಾಲುವುದಿಲ್ಲ. ಬಿಸಿಲು ಎಷ್ಟೇ ಇರಲಿ, ಸಾಲುವುದಿಲ್ಲ.

ಬಿಲ್ ಪೂರ್ತಿ ಸೊನ್ನೆ ಆಗುತ್ತದೆ ಅನ್ನುವ ಆಸೆಯೂ ಬೇಡ. ನಿಗದಿತ ಶುಲ್ಕ ಬಂದೇ ಬರುತ್ತದೆ. ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿಯಲ್ಲಿ ಈಗಾಗಲೇ ಸೊನ್ನೆ ಬಿಲ್ ಬರುತ್ತಿದ್ದರೆ ಹಣದ ಲೆಕ್ಕದಲ್ಲಿ ನಿಮಗೆ ಅವಸರವೇನಿಲ್ಲ. 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುವವರಿಗೇ ಇದರ ಲಾಭ. ಕರೆಂಟ್ ಹೋದಾಗ ಬ್ಯಾಟರಿ ಇಲ್ಲದ ಸೋಲಾರ್ ಕೂಡ ನಿಲ್ಲುತ್ತದೆ. ಆ ಜಗಳ ಇನ್ನೊಂದು ದಿನಕ್ಕಿರಲಿ.

ಕಾವನ್ನು ತಡೆಯಲು ಆಗಲ್ಲ, ತಗ್ಗಿಸಬಹುದು. ಪ್ಯಾನೆಲ್ ಕೆಳಗೆ ಗಾಳಿ ಆಡಬೇಕು. ತಗಡಿನ ಮೇಲೆ ಅಂಟಿಸಿದಂತೆ ಕೂರಿಸಿದರೆ ಕೆಳಗಿನಿಂದಲೂ ಬೇಯುತ್ತದೆ. ಧೂಳೂ ಸಣ್ಣ ವಿಷಯವಲ್ಲ. ತೊಗರಿ ರಾಶಿ ಕಾಲದಲ್ಲಿ, ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳ ಹತ್ತಿರ, ಬೇಗ ಬೇಗ ಒರೆಸಬೇಕು. ಬೆಳಗ್ಗೆ ತಂಪಿನಲ್ಲಿ ತೊಳೆಯಿರಿ. ಕಾದ ಗಾಜಿಗೆ ಮಧ್ಯಾಹ್ನ ತಣ್ಣೀರು ಸುರಿದರೆ ಬಿರುಕು ಬಿಡಬಹುದು.

ಯಾರೂ ಕೇಳದ ಒಂದು ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ಪ್ಯಾನೆಲ್ ಹಾಕಿದರೆ ಕೆಳಗಿನ ಕೋಣೆ ತಂಪಾಗುತ್ತಾ? ಆಗುತ್ತದೆ, ಎತ್ತರಿಸಿ ಹಾಕಿದರೆ. ಬಿಸಿಲು ಛತ್ತಿನ ಮೇಲೆ ನೇರ ಬೀಳುವುದು ತಪ್ಪುತ್ತದಲ್ಲ. ಮೂರು ಕಿಲೋವ್ಯಾಟ್ ಸುಮಾರು 300 ಚದರಡಿ ಜಾಗ ಹಿಡಿಯುತ್ತದೆ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಹಾಸಿಗೆ ಹಾಕುವವರು, ಹಪ್ಪಳ ಶಾಂಡಿಗೆ ಒಣಗಿಸುವವರು ಇದನ್ನು ಮೊದಲೇ ಮನೆಯವರೊಡನೆ ಮಾತಾಡಿಕೊಳ್ಳಿ. ಆಳೆತ್ತರದ ಕಂಬ ಹಾಕಿಸಿದರೆ ಕೆಳಗೆ ಮಲಗಲೂ ಬಹುದು. ಆದರೆ ಅದರ ಖರ್ಚು ಬೇರೆ, ಸಬ್ಸಿಡಿ ಅದಕ್ಕೆ ಹೆಚ್ಚುವುದಿಲ್ಲ. ಹಳೆಯ ಮನೆಗೆ ಶಹಾಬಾದ್ ಕಲ್ಲು ಹಾಸಿದ ಛತ್ತಿದ್ದರೆ ಅದಕ್ಕೆ ತೂತು ಕೊರೆಯಲು ಬಿಡಬೇಡಿ, ಮೊದಲು ಒಬ್ಬ ಇಂಜಿನಿಯರಿಗೆ ತೋರಿಸಿ. ಮೇ ತಿಂಗಳ ಬಿರುಗಾಳಿ ಎತ್ತರದ ಪ್ಯಾನೆಲನ್ನು ಕೆಳಗಿನಿಂದ ಹಿಡಿದೆತ್ತುತ್ತದೆ. ಹಾಗಾಗಿ ಕಂಬದ ಎತ್ತರ, ಪೈಪಿನ ದಪ್ಪ, ಬುನಾದಿಯ ಅಳತೆ ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ. "ಅದೆಲ್ಲ ಆಮ್ಯಾಲೆ ನೋಡೋಣ ಬಿಡ್ರಿ" ಅನ್ನುವ ವೆಂಡರ್‌ಗೆ ಚಹಾ ಕುಡಿಸಿ ಕಳಿಸಿ, ಬೇರೆಯವರನ್ನು ಕರೆಸಿ.